ಹೊಳೆಸಾಲಿನ ಹಳ್ಳಿಯೂ ನಮ್ಮ ಸಾಹಿತ್ಯವೂ

ಕೆಲವು ವರ್ಷಗಳ ಹಿಂದೆ ಈ ಲೇಖಕನಿಗೆ ಒಂದು ಸಣ್ಣ ಕೆಲಸವು ಒದಗಿ ಬಂದಿತು. ಹೊಳೆಸಾಲಿನ ಊರುಗಳ ಮಕ್ಕಳು ‘ನಮ್ಮ ಊರು’ ಎಂಬ ವಿಷಯವನ್ನು ಕುರಿತು ಬರೆದ ಪ್ರಬಂಧಗಳನ್ನು ಓದಿ ಅವುಗಳ ಗುಣದೋಷಗಳನ್ನು ಹೇಳಬೇಕಾಗಿತ್ತು. ೨೦೧೯ನೆಯ ಇಸವಿಯ ಆಗಸ್ಟ್ ತಿಂಗಳಿನ ಮಹಾಪೂರವು ಇಳಿದು ಆಗ ಇನ್ನೂ ಬಹಳ ದಿವಸಗಳಾಗಿದ್ದಿಲ್ಲ. ಗೋಕಾವಿಯ ಪೇಟೆಯೊಳಗೆ ನೀರು ಹೊಕ್ಕಿತ್ತು. ಲೋಳಸೂರ ಸೇತುವೆಯು ಮುಳುಗಿತ್ತು. ಹೊಳೆಯ ಎರಡೂ ದಂಡೆಯ ಹಳ್ಳಿಗಳಲ್ಲಿ ಮಣ್ಣಿನ ಗೋಡೆಗಳು ಕುಸಿದು ಬಿದ್ದಿದ್ದವು. ಇಂಥ ಹೊತ್ತಿನಲ್ಲಿ ಮಕ್ಕಳು ಏನು ಬರೆದಿರಬಹುದೆಂದು ಕುತೂಹಲದಿಂದ ಹಾಳೆಗಳನ್ನು ತೆರೆದು ನೋಡಿದೆನು. ಒಂದರ ಹಿಂದೊಂದು ಪ್ರಬಂಧದಲ್ಲಿ ಹೊಳೆಯು ಜುಳುಜುಳು ಹರಿಯುತ್ತಿತ್ತು, ತಂಗಾಳಿಯು ಬೀಸುತ್ತಿತ್ತು, ಹಸುರು ಪೈರು ತಲೆದೂಗುತ್ತಿತ್ತು. ಮುಳುಗಿದ ಮನೆಯಿಂದ ಬಂದ ಹುಡುಗನ ಬರಹದಲ್ಲಿಯೂ ಅದೇ ತಂಗಾಳಿ, ಅದೇ ಜುಳುಜುಳು! ಒಬ್ಬ ಹುಡುಗಿಯು ಮಾತ್ರ, ವ್ಯಾಕರಣದ ಹಂಗಿಲ್ಲದೆ, ಮನೆಯ ಮಾತಿನಲ್ಲಿಯೇ ಹೀಗೆ ಬರೆದಿದ್ದಳು: “ನಮ್ಮೂರಾಗ ಅಂಥಾ ಮಳಿ ಆಗಿದ್ದಿಲ್ಲ. ಆದರೂ ಹೊಳಿ ಬಂತು.”

ಆ ಎರಡು ವಾಕ್ಯಗಳನ್ನು ನಾನು ಮರೆತಿಲ್ಲ. ಏಕೆಂದರೆ ಗೋಕಾವಿ, ಮೂಡಲಗಿ, ಹುಕ್ಕೇರಿ ಈ ಮೂರು ತಾಲೂಕುಗಳ ಹೊಳೆಸಾಲಿನ ಭೂಗೋಲವೆಲ್ಲವೂ ಅವುಗಳಲ್ಲಿ ಅಡಗಿದೆ. ಮಿಕ್ಕ ಮಕ್ಕಳನ್ನು ತಪ್ಪಿತಸ್ಥರೆನ್ನುವಂತಿಲ್ಲ. ಹಳ್ಳಿಯೆಂದರೆ ಹೇಗಿರಬೇಕೆಂಬುದನ್ನು ಅವರು ಪುಸ್ತಕದಿಂದ ಕಲಿತಿದ್ದರು. ಕಣ್ಣಿಗೆ ಕಂಡ ಹಳ್ಳಿಯು ಪುಸ್ತಕದ ಹಳ್ಳಿಗೆ ಹೊಂದದಿರಲು, ಕಣ್ಣನ್ನು ಬಿಟ್ಟು ಪುಸ್ತಕವನ್ನು ನಂಬಿದರು. ಹಾಗಾದರೆ ನಮ್ಮ ಸಾಹಿತ್ಯವು ಹೊಳೆಯ ದಂಡೆಯ ಊರನ್ನು ಹೇಗೆ ಕಂಡಿದೆ, ಎಷ್ಟು ಕಂಡಿದೆ, ಎಲ್ಲಿ ಕಾಣದೆ ಬಿಟ್ಟಿದೆ ಎಂಬುದನ್ನು ವಿಚಾರಿಸುವದು ವಿಮರ್ಶಕನ ಕರ್ತವ್ಯವಾಗುವದು. ಈ ಲೇಖನದ ಉದ್ದೇಶವು ಇಷ್ಟೇ.

ಮೊದಲು ನೆಲವನ್ನು ನೋಡೋಣ. ಘಟಪ್ರಭೆಯು ನಮ್ಮ ಊರುಗಳಲ್ಲಿ ಹುಟ್ಟಿದ ಹೊಳೆಯಲ್ಲ. ಪಡುವಣದ ಸಹ್ಯಾದ್ರಿಯಲ್ಲಿ, ಸಮುದ್ರಮಟ್ಟದಿಂದ ಸುಮಾರು ೮೮೪ ಮೀಟರು ಎತ್ತರದಲ್ಲಿ ಹುಟ್ಟಿ, ಸುಮಾರು ೨೮೩ ಕಿಲೋಮೀಟರು ಹರಿದು, ಬಾಗಲಕೋಟೆಯ ಸೀಮೆಯಲ್ಲಿ ಕೃಷ್ಣೆಯನ್ನು ಕೂಡುತ್ತದೆ. ಹುಕ್ಕೇರಿಯ ಸೀಮೆಯಲ್ಲಿ ಅದಕ್ಕೆ ಹಿರಣ್ಯಕೇಶಿಯು ಸೇರುವದು. ಗೋಕಾವಿಯ ಬಳಿಯಲ್ಲಿ ಮಾರ್ಕಂಡೇಯವು ಸೇರುವದು. ಈ ಹಿರಣ್ಯಕೇಶಿಯು ಹುಟ್ಟುವ ಅಂಬೋಲಿಯ ಘಟ್ಟದಲ್ಲಿ ವರ್ಷಕ್ಕೆ ೨೫೦ ಅಂಗುಲಕ್ಕೂ ಮೇಲಾಗಿ ಮಳೆ ಸುರಿಯುವದುಂಟು. ಅಲ್ಲಿಂದ ಮೂಡಲಿಗೆ ಬಂದಂತೆ ಮಳೆಯು ಬೇಗ ಬೇಗನೆ ಕುಗ್ಗುತ್ತ ಹೋಗಿ, ಗೋಕಾವಿಗೆ ಬರುವಷ್ಟರಲ್ಲಿ ಸಾಮಾನ್ಯ ವರ್ಷದಲ್ಲಿ ೨೫ ಅಂಗುಲವೂ ತುಂಬುವದಿಲ್ಲ. ಮೋಡವು ತನ್ನ ಹೊರೆಯನ್ನು ಘಟ್ಟದ ಮೇಲೆಯೇ ಇಳಿಸಿ, ಬರಿಗೈಯಲ್ಲಿ ನಮ್ಮ ಕಡೆಗೆ ಬರುತ್ತದೆ. ಇದರ ಪರಿಣಾಮವು ವಿಚಿತ್ರವಾದುದು. ಆಷಾಢ ಶ್ರಾವಣಗಳಲ್ಲಿ ಹೊಲದ ಪೈರು ಒಂದು ಹನಿಗಾಗಿ ಬಾಯಿ ತೆರೆದು ನಿಂತಿರುವಾಗ, ಅದೇ ಹೊಲದ ಬದುವಿನ ಕೆಳಗೆ ಹೊಳೆಯು ಕೆಂಪಾಗಿ ತುಂಬಿ ಭೋರಿಡುತ್ತ ಹೋಗುವದು. ಬೇರೆಯವರ ಮಳೆಯು ನಮ್ಮ ಊರ ಮುಂದೆ ಹಾಯ್ದು ಹೋಗುವದನ್ನು ನೋಡುತ್ತ ಕೂಡ್ರುವದು ಈ ಸೀಮೆಯ ಒಕ್ಕಲಿಗನ ಪರಂಪರೆಯ ಪಾಲು. ಹೊಳೆ ಬೇರೆ, ಮಳೆ ಬೇರೆ. ಇವೆರಡೂ ಒಂದೇ ಎಂದು ತಿಳಿದವನಿಗೆ ನಮ್ಮ ಹಳ್ಳಿಯು ತಿಳಿಯಲಾರದು.

ನೆಲದ ರೀತಿಯೂ ಒಂದೇ ತೆರನಾಗಿಲ್ಲ. ದಂಡೆಯ ಮೇಲೆ ಹೊಳೆಯು ವರ್ಷವರ್ಷವೂ ತಂದು ಹಾಕುವ ಮೆಕ್ಕಲು. ಅದರಾಚೆ ತೇವವನ್ನು ಒಡಲಲ್ಲಿಟ್ಟುಕೊಂಡು ಹಿಂಗಾರಿಯ ಬಿಳಿಜೋಳ, ಕಡಲೆ, ಕುಸುಬೆಗಳನ್ನು ಬರಿಯ ಇಬ್ಬನಿಯ ಮೇಲೆಯೇ ಬೆಳೆಸಬಲ್ಲ ಎರೆಭೂಮಿ. ಇನ್ನೂ ಮೇಲಕ್ಕೆ ಕಲ್ಲುಗರಸಿನ ಮಡ್ಡಿ. ಗೋಕಾವಿಯ ಸುತ್ತಲೂ ಮರಳುಗಲ್ಲಿನ ಗುಡ್ಡಗಳು. ಆ ಕಲ್ಲಿನ ಅಂಚಿನಿಂದಲೇ ಹೊಳೆಯು ಸುಮಾರು ೧೭೦ ಅಡಿ ಕೆಳಗೆ ಧುಮುಕಿ ಬಯಲಿಗೆ ಇಳಿಯುತ್ತದೆ. ಶ್ರಾವಣದಲ್ಲಿ ಆ ಧಬಧಬೆಯನ್ನು ನೋಡಿದವನು ಅದನ್ನೇ ಬೇಸಿಗೆಯಲ್ಲಿ ನೋಡಿದರೆ ಗುರುತು ಹಿಡಿಯುವದು ಕಷ್ಟ. ಬೋಳು ಬಂಡೆಯ ಮೇಲೆ ಒಂದೆರಡು ಬಿಳಿಯ ಎಳೆಗಳು ಮಾತ್ರ ಉಳಿದಿರುತ್ತವೆ. ಚೈತ್ರ ವೈಶಾಖಗಳಲ್ಲಿ ಬಿಸಿಲು ೪೦ ಡಿಗ್ರಿಯ ಹತ್ತಿರಕ್ಕೆ ಏರಿದಾಗ ಹೊಳೆಯ ಪಾತ್ರವು ಮಳಲಿನ ಹಾಸಾಗುವದು. ಹೆಂಗಸರು ಅದರಲ್ಲಿ ಒರತೆ ತೋಡಿ ಕೊಡಕ್ಕೆ ನೀರು ತುಂಬಿಕೊಂಡ ದಿನಗಳನ್ನು ಹಿರಿಯರು ಇನ್ನೂ ಹೇಳುತ್ತಾರೆ. ವರ್ಷದಲ್ಲಿ ‘ಜುಳುಜುಳು’ ಎನ್ನಬಹುದಾದ ದಿವಸಗಳು ಎಷ್ಟೆಂಬುದನ್ನು ವಾಚಕರೇ ಎಣಿಸಲಿ!

ಹೀಗಿರುವಾಗ ಆ ಜುಳುಜುಳು ಎಲ್ಲಿಂದ ಬಂದಿತು? ನಮ್ಮ ಹಳೆಯ ಚಂಪೂಕವಿಗಳಿಗೆ ಅಷ್ಟಾದಶ ವರ್ಣನೆಗಳ ಕಟ್ಟಳೆಯಿತ್ತು. ಪುರ, ಸಮುದ್ರ, ಪರ್ವತ, ಋತು, ಚಂದ್ರೋದಯ ಮುಂತಾದವುಗಳನ್ನು ವರ್ಣಿಸದೆ ಮಹಾಕಾವ್ಯವು ಪೂರ್ಣವಾಗುತ್ತಿದ್ದಿಲ್ಲ. ಆ ಕಟ್ಟಳೆಯಲ್ಲಿ ವರ್ಷಾಕಾಲವೆಂದರೆ ನವಿಲಿನ ಕುಣಿತ, ವಿರಹಿಗಳ ಸಂಕಟ. ಬಿತ್ತನೆ ತಪ್ಪಿದ ಒಕ್ಕಲಿಗನ ಸಂಕಟಕ್ಕೆ ಅದರಲ್ಲಿ ಎಡೆಯು ವಿರಳ. ಆದರೂ ಹಳೆಯವರನ್ನೆಲ್ಲ ಒಂದೇ ಮಾತಿನಲ್ಲಿ ತೆಗೆದುಹಾಕುವದು ಅನ್ಯಾಯವು. ಒಂಬತ್ತನೆಯ ಶತಮಾನದ ಕವಿರಾಜಮಾರ್ಗವು ಕನ್ನಡ ನಾಡಿನ ಮೇರೆಯನ್ನು ಹೇಳಬೇಕಾದಾಗ ಅರಸನ ಕೋಟೆಯನ್ನು ಹಿಡಿಯದೆ ಕಾವೇರಿ ಗೋದಾವರಿಗಳನ್ನು ಹಿಡಿಯಿತು. ತಿರುಳ್ಗನ್ನಡದ ಸೀಮೆಗೆ ಕಿಸುವೊಳಲು, ಕೊಪಣ, ಪುಲಿಗೆರೆ, ಒಕ್ಕುಂದ ಎಂಬ ಊರುಗಳನ್ನು ಗುರುತಾಗಿ ಕೊಟ್ಟಿತು. ನಮ್ಮ ಘಟಪ್ರಭೆಯೇ ಇನ್ನೂ ಕೆಳಕ್ಕೆ ಹರಿದು ಮುಟ್ಟುವ ಮುಧೋಳವು ರನ್ನನ ಹುಟ್ಟೂರು. ಹತ್ತನೆಯ ಶತಮಾನದ ಆ ಕವಿಯು ಅಜಿತಪುರಾಣದಲ್ಲಿ ತನ್ನ ಊರನ್ನು ಅದರ ನಾಡಿನ ಗುರುತಿನೊಡನೆಯೇ ಹೇಳಿಕೊಂಡನು. ತಾನು ಯಾವ ನೆಲದವನೆಂಬ ಅರಿವು ಅವರಿಗಿತ್ತು. ಆ ಅರಿವನ್ನು ಬಿಟ್ಟು ವರ್ಣನೆಯ ಸಿದ್ಧಸಾಮಗ್ರಿಯನ್ನು ಮಾತ್ರ ಉಳಿಸಿಕೊಂಡ ತಪ್ಪು ಅವರದಲ್ಲ, ನಮ್ಮದು.

ಸಿದ್ಧಸಾಮಗ್ರಿಯನ್ನು ಮುಟ್ಟದೆ ಉಳಿದ ಒಂದು ದೊಡ್ಡ ಭಂಡಾರವು ನಮ್ಮಲ್ಲಿತ್ತು. ಅದು ಜನಪದದ ಕಾಲಗಣನೆ. ಸಂಸ್ಕೃತದ ಕವಿಗೆ ಮಳೆಯೆಂದರೆ ಒಂದು ಋತು; ನಮ್ಮ ಒಕ್ಕಲಿಗನಿಗೆ ಅದು ಒಂದಲ್ಲ. ರೋಹಿಣಿ ಬೇರೆ, ಮಿರಗ ಬೇರೆ, ಆರಿದ್ರೆ ಬೇರೆ. ಹುಬ್ಬಿ, ಉತ್ತರಿ, ಹಸ್ತಿ, ಚಿತ್ತಿ, ಸ್ವಾತಿ ಎಲ್ಲವೂ ಬೇರೆ ಬೇರೆ. ಹದಿಮೂರು ಹದಿನಾಲ್ಕು ದಿವಸಗಳಿಗೊಂದು ಮಳೆಗೆ ಒಂದು ಹೆಸರು, ಒಂದು ಸ್ವಭಾವ, ಒಂದು ಕೆಲಸ. ಮಿರಗವು ಮುಂಗಾರಿ ಬಿತ್ತನೆಗೆ ಕರೆಯುವದು. ಉತ್ತರಿ ಹಸ್ತಿಗಳು ಹಿಂಗಾರಿಯ ಜೋಳದ ಭವಿಷ್ಯವನ್ನು ಬರೆಯುವವು. ಹಬ್ಬಗಳೂ ಇದೇ ಲೆಕ್ಕಕ್ಕೆ ಕಟ್ಟಿದವು: ಜ್ಯೇಷ್ಠದ ಕಾರಹುಣ್ಣಿವೆಗೆ ಎತ್ತುಗಳ ಮೆರೆತ, ಅದರ ಬೆನ್ನಿಗೆ ಬರುವ ಅಮಾವಾಸ್ಯೆಗೆ ಮಣ್ಣೆತ್ತಿನ ಪೂಜೆ, ಭಾದ್ರಪದದಲ್ಲಿ ಜೋಕುಮಾರ, ಫಸಲು ತುಂಬಿ ನಿಂತಾಗ ಶೀಗಿ ಹುಣ್ಣಿವೆ, ಎಳ್ಳ ಅಮಾವಾಸ್ಯೆಗಳಂದು ಹೊಲದಲ್ಲಿ ಚರಗ. ಇದು ಹವಾಮಾನದ ಶಾಸ್ತ್ರವನ್ನು ಅಕ್ಷರವಿಲ್ಲದೆ ನೆನಪಿನಲ್ಲಿಡುವ ಉಪಾಯವು.

ಗೋಕಾವಿ ತಾಲೂಕಿನ ಬೆಟಗೇರಿಯಲ್ಲಿ ೧೯೦೦ನೆಯ ಇಸವಿಯಲ್ಲಿ ಹುಟ್ಟಿದ ಕೃಷ್ಣಶರ್ಮರು, ಅಂದರೆ ನಮ್ಮ ‘ಆನಂದಕಂದ’ರು, ಈ ಭಂಡಾರದ ಬೆಲೆಯನ್ನು ಬಲ್ಲವರಾಗಿದ್ದರು. ಜಾನಪದ ಗೀತಗಳನ್ನು ಸಂಗ್ರಹಿಸಿದ ಅವರು ತಮ್ಮ ಒಂದು ಕವನಸಂಗ್ರಹಕ್ಕೆ ‘ಕಾರಹುಣ್ಣಿವೆ’ ಎಂದು ಹೆಸರಿಟ್ಟುದು ಸಣ್ಣ ಸಂಗತಿಯಲ್ಲ. ವಸಂತವೆಂದೋ ಶರತ್ಕಾಲವೆಂದೋ ಹೆಸರಿಟ್ಟಿದ್ದರೆ ಅದು ಯಾವ ಸೀಮೆಯ ಪುಸ್ತಕವಾದರೂ ಆಗಬಹುದಾಗಿತ್ತು. ಕಾರಹುಣ್ಣಿವೆಯೆಂದೊಡನೆ ಎತ್ತಿನ ಕೊರಳ ಗೆಜ್ಜೆ, ಮೊದಲ ಮಳೆಯ ಮಣ್ಣು, ಬಿತ್ತುವ ಕೂರಿಗೆ, ಇವೆಲ್ಲವೂ ನಮ್ಮ ಕಣ್ಣ ಮುಂದೆ ಬರುವವು. ಹೆಸರಿನಲ್ಲಿಯೇ ನೆಲವೂ ಹವೆಯೂ ಉಂಟು. ಸಾಹಿತ್ಯವು ಭೂಗೋಲವನ್ನು ಹೊಗುವ ಸರಿಯಾದ ಬಾಗಿಲು ಇದೆಂದು ನಮ್ಮ ಅಭಿಪ್ರಾಯವು.

ಆ ಬಾಗಿಲಿನಿಂದ ಎಲ್ಲರಿಗಿಂತ ಒಳಗೆ ಹೋದವರು ಡಾ. ಚಂದ್ರಶೇಖರ ಕಂಬಾರರು. ಹುಕ್ಕೇರಿ ತಾಲೂಕಿನ ಘೋಡಗೇರಿಯು ಘಟಪ್ರಭೆಯ ದಂಡೆಯ ಊರು. ೧೯೩೭ರಲ್ಲಿ ಅಲ್ಲಿ ಹುಟ್ಟಿದ ಈ ಕವಿಯು ತನ್ನ ಊರನ್ನು ‘ಶಿವಾಪುರ’ವೆಂಬ ಹೆಸರಿನಿಂದ ಕಾವ್ಯದಲ್ಲಿ, ನಾಟಕದಲ್ಲಿ, ಕಾದಂಬರಿಯಲ್ಲಿ ಮರಳಿ ಮರಳಿ ಕಟ್ಟಿದನು. ೧೯೬೪ರ ‘ಹೇಳತೇನ ಕೇಳ’ ಎಂಬ ಕಾವ್ಯದ ಹೆಸರೇ ಹೊಳೆಸಾಲಿನ ಮಾತು. ಮುಂದೆ ‘ಕರಿಮಾಯಿ’ಯಂಥ ಕಾದಂಬರಿಯವರೆಗೂ ಆ ಊರು ಬೆಳೆಯಿತು. ೨೦೧೦ನೆಯ ಸಾಲಿನ ಜ್ಞಾನಪೀಠ ಪ್ರಶಸ್ತಿಯು ಅವರಿಗೆ ಬಂದಾಗ ಈ ಪುಟ್ಟ ಶಿವಾಪುರವೂ ಭಾರತದ ನಕಾಶೆಯ ಮೇಲೆ ಬಂದಂತಾಯಿತು. ಇಲ್ಲಿ ನಾವು ಅವರ ಎರಡು ನಾಟಕಗಳನ್ನು ಮಾತ್ರ, ಅದೂ ಮಳೆಯ ದೃಷ್ಟಿಯಿಂದ, ನೋಡುವೆವು.

‘ಋಷ್ಯಶೃಂಗ’ ನಾಟಕಕ್ಕೆ ಬರಗಾಲವೇ ತಳಹದಿ. ಅಂಗದೇಶದಲ್ಲಿ ಮಳೆ ನಿಂತಾಗ ಋಷ್ಯಶೃಂಗನು ಕಾಲಿಟ್ಟೊಡನೆ ಮೋಡ ಒಡೆಯಿತೆಂಬ ಮಹಾಭಾರತದ ಕತೆಯನ್ನು ಕವಿಯು ಶಿವಾಪುರಕ್ಕೆ ತಂದನು. ಗೌಡನ ಮಗನು ಬಂದರೆ ಮಳೆಯಾದೀತೆಂದು ಒಣಗಿದ ಊರು ಕಾಯುವದು. ‘ಜೋಕುಮಾರಸ್ವಾಮಿ’ಯಲ್ಲಿ (೧೯೭೨) ಬರಡುತನವು ಮನೆಯೊಳಗೇ ಹೊಕ್ಕಿದೆ. ಹೊಲವೆಲ್ಲ ತನ್ನದೆನ್ನುವ ಗೌಡನು ಬಿತ್ತಲಾರದವನು. ಬಿತ್ತಬಲ್ಲ ಬಸಣ್ಣನಿಗೆ ಹೊಲವಿಲ್ಲ. ಮಕ್ಕಳಿಲ್ಲದ ಗೌಡತಿಯ ಸಂಕಟವೂ ಉಳುವವನಿಲ್ಲದ ನೆಲದ ಸಂಕಟವೂ ಒಂದೇ ಎಂದು ನಾಟಕವು ತೋರಿಸಿಕೊಡುತ್ತದೆ. ಈ ಎರಡರಲ್ಲಿಯೂ ಬರವು ಆಕಾಶದಿಂದ ಬರುವದಿಲ್ಲ. ಒಡೆತನದ ಅನ್ಯಾಯದಿಂದ ಬರುವದು. ಹವೆಯು ಇಲ್ಲಿ ಹಿನ್ನೆಲೆಯ ಪರದೆಯಲ್ಲ. ಅದೇ ಒಂದು ಪಾತ್ರ, ಅದೇ ನ್ಯಾಯಾಧೀಶ. ೧೮೭೬–೭೮ರ ಘೋರವಾದ ಕ್ಷಾಮವನ್ನು ಕಂಡ ಈ ಸೀಮೆಯ ಜನರ ನೆನಪಿನಲ್ಲಿ ಬರವು ಎಷ್ಟು ಆಳಕ್ಕೆ ಇಳಿದಿದೆಯೆಂಬುದು ಈ ನಾಟಕಗಳನ್ನು ಓದಿದರೆ ತಿಳಿಯುವದು. ಹೊಳೆಯ ದಂಡೆಯಲ್ಲಿ ಹುಟ್ಟಿದ ಕವಿಯು ಮಳೆಯಿಲ್ಲದ ನಾಟಕವನ್ನು ಬರೆದನಲ್ಲ ಎಂದು ಬೇರೆ ಸೀಮೆಯವರು ಆಶ್ಚರ್ಯಪಟ್ಟಾರು. ನಮಗೆ ಆಶ್ಚರ್ಯವಿಲ್ಲ. ಹೊಳೆ ಬೇರೆ, ಮಳೆ ಬೇರೆ ಎಂಬ ನಮ್ಮ ನೆಲದ ಮೊದಲ ಪಾಠವನ್ನು ಅವರು ತಪ್ಪದೆ ಕಲಿತಿದ್ದರು.

ಗುಣವನ್ನು ಹೇಳಿದ ಮೇಲೆ ಮಿತಿಯನ್ನೂ ಹೇಳಬೇಕು. ಆದರೆ ಇದು ಕವಿಯ ಮಿತಿಯೆನ್ನುವದಕ್ಕಿಂತ ಕಾಲವು ತಂದೊಡ್ಡಿದ ಮಿತಿ. ಈ ನಾಟಕಗಳಲ್ಲಿ ಕೇಡಿನ ಮೂಲವು ಊರೊಳಗೇ ಇದೆ, ಗೌಡನ ಮನೆಯ ಬಾಗಿಲನ್ನು ತೋರಿಸಿ “ಅಗೋ!” ಎನ್ನಬಹುದು. ಘಟಪ್ರಭೆಗೆ ಧೂಪದಾಳದಲ್ಲಿ ಅಡ್ಡಗಟ್ಟನ್ನು ಕಟ್ಟಿ ಕಾಲುವೆ ತೆಗೆದುದು ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ. ಆದರೆ ಹೊಳೆಯ ಸ್ವಭಾವವೇ ಬದಲಾದುದು ಹುಕ್ಕೇರಿ ತಾಲೂಕಿನ ಹಿಡಕಲ್ಲಿನಲ್ಲಿ ೧೯೭೭ರಲ್ಲಿ ಪೂರ್ಣವಾದ, ಸುಮಾರು ೫೧ ಟಿ.ಎಂ.ಸಿ. ನೀರನ್ನು ಹಿಡಿಯುವ ಆಣೆಕಟ್ಟಿನಿಂದ. ಅದೇ ಇಂದಿನ ರಾಜಾ ಲಖಮಗೌಡ ಜಲಾಶಯ. ಅದರ ಹಿನ್ನೀರಿನಲ್ಲಿ ಹುನ್ನೂರಿನ ವಿಠ್ಠಲನ ಗುಡಿಯು ಮುಳುಗಿತು. ನೀರು ಇಳಿದ ಬೇಸಿಗೆಯಲ್ಲಿ ಅದು ಮತ್ತೆ ತಲೆಯೆತ್ತುವದು. ಒಣಗಿ ಮಳಲಾಗುತ್ತಿದ್ದ ಹೊಳೆಯಲ್ಲಿ ನೀರು ನಿಂತಿತು. ಜೋಳದ ಹೊಲಗಳಲ್ಲಿ ಕಬ್ಬು ಬಂದಿತು. ಕಾಲುವೆಯು ಅನೇಕ ಮನೆಗಳ ಹಸಿವನ್ನು ಕಳೆದುದು ನಿರ್ವಿವಾದವು. ಅದನ್ನು ಹಳಿಯುವವನು ಬರಗಾಲವನ್ನು ಪುಸ್ತಕದಲ್ಲಿ ಮಾತ್ರ ಕಂಡವನು.

ಆದರೆ ಇದರಿಂದ ಹಳ್ಳಿಯ ಹವೆಯ ಅರ್ಥವೇ ಬೇರೆಯಾಯಿತು. ಮೊದಲು ಊರಿಗೊಂದೇ ಹವೆಯಿತ್ತು. ಮಳೆ ತಪ್ಪಿದರೆ ಎಲ್ಲರಿಗೂ ತಪ್ಪುತ್ತಿತ್ತು. ಈಗ ಕಾಲುವೆಯ ಕೆಳಗಿನ ಹೊಲಕ್ಕೆ ಒಂದು ಹವೆ, ಮೇಲಿನ ಮಡ್ಡಿಗೆ ಇನ್ನೊಂದು. ಒಂದೇ ಓಣಿಯ ಇಬ್ಬರು ಅಣ್ಣತಮ್ಮಂದಿರು ಎರಡು ಹವೆಗಳಲ್ಲಿ ಬದುಕುವರು. ಮೊದಲು ಮಿರಗವು ಮೂಡುವದನ್ನು ಕಾಯುತ್ತಿದ್ದರು. ಈಗ ಕಾಲುವೆಗೆ ನೀರು ಬಿಡುವ ದಿನವನ್ನು ಕಾಯುವರು. ಮಹಾಪೂರದ ಮಾತಂತೂ ಪೂರ್ತಿ ಬೇರೆ. ೨೦೧೯ರಲ್ಲಿ ಬಂದುದು ೨೦೨೧ರ ಜುಲೈಯಲ್ಲಿ ಮತ್ತೆ ಬಂದಿತು. ಘಟ್ಟದ ಮೇಲೆ, ಬೇರೊಂದು ರಾಜ್ಯದ ಸೀಮೆಯಲ್ಲಿ ಮಳೆ ಸುರಿಯುವದು. ತುಂಬಿದ ಜಲಾಶಯದ ಬಾಗಿಲುಗಳನ್ನು ತೆರೆಯಬೇಕಾಗುವದು. ಕಟ್ಟಿಲ್ಲದ ಹಳ್ಳಗಳ ನೀರೂ ಅದಕ್ಕೆ ಕೂಡುವದು. ಗೋಕಾವಿ ಮೂಡಲಗಿಗಳ ದಂಡೆಯಲ್ಲಿ ಕಬ್ಬು ಮುಳುಗುವದು. ಇಲ್ಲಿ ಯಾವ ಗೌಡನ ಬಾಗಿಲನ್ನು ತೋರಿಸೋಣ? ಯಾವ ಋಷ್ಯಶೃಂಗನನ್ನು ಕರೆಯೋಣ? ಮಳೆಯನ್ನು ತರುವ ಪುರಾಣವು ನಮ್ಮಲ್ಲಿದೆ. ಬೇರೆಯವರ ಮಳೆಯಿಂದ ಮುಳುಗುವ ಊರಿಗೆ ಪುರಾಣವು ಇನ್ನೂ ಹುಟ್ಟಬೇಕಾಗಿದೆ.

ಇದಕ್ಕೆ ಕೆಲವರು ಒಂದು ಆಕ್ಷೇಪವನ್ನು ತೆಗೆಯಬಹುದು: “ಸಾಹಿತ್ಯವೇನು ಗ್ಯಾಝೆಟಿಯರೇ? ಮಳೆಯ ಅಂಗುಲಗಳನ್ನೂ ಮಣ್ಣಿನ ಬಣ್ಣಗಳನ್ನೂ ಹೇಳಲಿಕ್ಕೆ ಬೇರೆ ಪುಸ್ತಕಗಳಿವೆಯಲ್ಲವೆ?” ಅಹುದು, ಇವೆ. ಬೆಳಗಾವಿ ಜಿಲ್ಲೆಯನ್ನು ಕುರಿತ ಮುಂಬಯಿ ಇಲಾಖೆಯ ಗ್ಯಾಝೆಟಿಯರು ೧೮೮೪ರಲ್ಲಿಯೇ ಹೊರಬಿದ್ದಿತು; ಅದರಲ್ಲಿ ಹೊಳೆಗಳು, ಬೆಳೆಗಳು, ಬರಗಳು ಎಲ್ಲವೂ ಉಂಟು. ಆದರೆ ಗ್ಯಾಝೆಟಿಯರು ಎಷ್ಟು ಮಳೆಯಾಯಿತೆಂದು ಹೇಳುವದೇ ಹೊರತು, ಆಗದಿದ್ದುದಕ್ಕೆ ಯಾರು ಉತ್ತರ ಕೊಡಬೇಕೆಂದು ಕೇಳುವದಿಲ್ಲ. ಆ ಪ್ರಶ್ನೆಯನ್ನು ಕೇಳಿದುದೇ ಶಿವಾಪುರದ ಹೆಚ್ಚಳವು. ಅಂಗುಲಗಳ ಲೆಕ್ಕವು ಕವಿಗೆ ಬೇಡ. ಆದರೆ ಹೊಳೆಯು ಯಾರ ಮಳೆಯನ್ನು ಹೊತ್ತು ತರುವದೆಂಬುದನ್ನು ಅವನು ಅರಿಯದಿದ್ದರೆ, ಆ ಪ್ರಶ್ನೆಯನ್ನು ತಪ್ಪು ಮನೆಯ ಮುಂದೆ ನಿಂತು ಕೇಳಿದಂತಾಗುವದು. ನೆಲವನ್ನು ತಿಳಿಯದ ನ್ಯಾಯವು ಕುರುಡು. ನ್ಯಾಯವನ್ನು ಕೇಳದ ಭೂಗೋಲವು ಮೂಕ. ಇವೆರಡನ್ನೂ ಕೂಡಿಸುವ ಬರಹವೇ ಇಂದು ನಮಗೆ ಬೇಕಾದುದು.

ಇದು ಬರಿಯ ಸಾಹಿತ್ಯದ ವಾದವೂ ಅಲ್ಲ. ಪ್ರತಿಯೊಂದು ಪೂರವು ಇಳಿದ ಮೇಲೆ ದಂಡೆಯ ಊರುಗಳಲ್ಲಿ ಅದೇ ಚರ್ಚೆ ಏಳುವದು: ಊರನ್ನು ಎತ್ತರಕ್ಕೆ ಒಯ್ಯಬೇಕೆ, ಅಜ್ಜಂದಿರು ಕಟ್ಟಿದಲ್ಲಿಯೇ ಇರಬೇಕೆ? ಅಜ್ಜಂದಿರು ಅಲ್ಲಿ ಏಕೆ ಕಟ್ಟಿದರು, ನೀರು ಯಾವ ಕಟ್ಟೆಯವರೆಗೆ ಬರುತ್ತಿತ್ತು, ಯಾವ ಮಳೆಯಲ್ಲಿ ಬರುತ್ತಿತ್ತು ಎಂಬುದು ಗೊತ್ತಿದ್ದರೆ ಆ ಚರ್ಚೆಗೆ ಒಂದು ಕಾಲಾದರೂ ಇದ್ದೀತು. ಆ ತಿಳಿವು ಹಿರಿಯರ ಬಾಯಲ್ಲಿದೆ; ಹಾಡಿನಲ್ಲಿದೆ; ಹೊಲಗಳ ಹೆಸರುಗಳಲ್ಲಿದೆ. ಹಿರಿಯರು ಹೋಗುವರು; ಹಾಡು ನಿಲ್ಲುವದು; ಹೊಲಗಳಿಗೆ ಹೆಸರು ಹೋಗಿ ನಂಬರು ಉಳಿಯುವದು. ಆಮೇಲೆ ಮಕ್ಕಳಿಗೆ ಉಳಿಯುವದು ಆ ತಂಗಾಳಿಯೊಂದೇ.

ಕೊನೆಗೆ, ಹೊಳೆಸಾಲಿನ ಜನಕ್ಕೆ ಚೆನ್ನಾಗಿ ಗೊತ್ತಿರುವ ಒಂದು ನಂಬಿಕೆಯನ್ನು ನೆನೆಯೋಣ. ಭಾದ್ರಪದದಲ್ಲಿ ಮೊದಲು ಗಣಪತಿಯು ಬರುವನು. ಕಡುಬು ಹೋಳಿಗೆಗಳನ್ನುಂಡು ಹೋಗಿ, ಮೇಲೆ ತಂದೆಗೆ, ಭೂಲೋಕದಲ್ಲಿ ಎಲ್ಲವೂ ಕ್ಷೇಮವೆಂದು ಹೇಳುವನಂತೆ. ಅವನ ಹಿಂದೆ ಜೋಕುಮಾರನು ಬರುವನು. ಅಂಬಿಗರ ಹೆಂಗಸರು ಅವನನ್ನು ಬುಟ್ಟಿಯಲ್ಲಿ ಹೊತ್ತು ಮನೆಮನೆಗೆ ತಿರುಗುವರು. ಅವನು ಬಡವರ ಬಾಗಿಲನ್ನೂ ಒಣಗಿದ ಹೊಲವನ್ನೂ ಕಾಣುವನು. ಏಳು ದಿವಸ ಬಾಳಿ ಸತ್ತು ಮೇಲೆ ಹೋದಾಗ, ಮಳೆಯಿಲ್ಲ, ಬೆಳೆಯಿಲ್ಲ, ಜನರು ಸಂಕಟಪಡುತ್ತಿರುವರೆಂದು ಇದ್ದುದನ್ನು ಇದ್ದಂತೆ ಹೇಳುವನು, ಆಗ ಮಳೆಯಾಗುವದು. ಕ್ಷೇಮವೆಂದವನಿಂದ ಆಗದ ಕೆಲಸವು ನಿಜವನ್ನು ನುಡಿದವನಿಂದ ಆಯಿತು. ನಮ್ಮ ಹಳ್ಳಿಯನ್ನು ಕುರಿತ ಬರಹಗಳಲ್ಲಿ ಗಣಪತಿಯ ವರದಿಗಳು ಬೇಕಾದಷ್ಟಾದವು. ಘಟಪ್ರಭೆಯ ದಂಡೆಯಿಂದ ಮುಂದೆ ಬರೆಯುವವರು ಜೋಕುಮಾರನ ಬಾಯಿಂದ ನುಡಿಯಲಿ. ಅಂಥ ಮೊದಲ ಬರಹವನ್ನು ಆ ಹುಡುಗಿಯು ಆಗಲೇ ಬರೆದು ಕೊಟ್ಟಿದ್ದಾಳೆ. ನಾನು ಅವಳಿಗೆ ವ್ಯಾಕರಣದ ತಪ್ಪಿಗಾಗಿ ಒಂದು ಅಂಕವನ್ನೂ ಕಳೆಯಲಿಲ್ಲ.